ಕುದುರೆಗೆ ಹೇಳಿದ ಮಗ್ಗಿ

ಕ್ವಾಲಾಲಂಪುರದ ಹೊರಗೆ ರೇಸ್ ಕುದುರೆಗಳ ಲಾಯವೊಂದಕ್ಕೆ ಎಕ್ಸ್-ರೇ ಮಷೀನ್ ರಿಪೇರಿಗೆ ಹೋಗಿದ್ದೆ. ಅಭ್ಯಾಸದ ಓಟದಲ್ಲಿ ಮುಗ್ಗರಿಸಿದ ಹೆಣ್ಣು ಕುದುರೆಯೊಂದು ಮುಂಗಾಲು ಎತ್ತಿಕೊಂಡು ನಿಂತಿತ್ತು.

"ಮೂಳೆ ಪೂರ್ತಿ ಮುರಿದಿದ್ದರೆ ಉಳಿಸೋಕಾಗಲ್ಲ," ಎಂದರು ಡಾಕ್ಟರ್. ಅದನ್ನು ನೋಡಿಕೊಳ್ಳುವ ಮುತ್ತು ಅಂಕಲ್ ಮುಖ ಬಿಳಿಚಿಕೊಂಡಿತು.

ಮಷೀನೇನೋ ಸರಿಹೋಯಿತು. ಆದರೆ ಕುದುರೆ ಅಲ್ಲಾಡುತ್ತಲೇ ಇತ್ತು, ಚಿತ್ರವೆಲ್ಲ ಮಸುಕು.

"ನೀವೇ ಏನಾದರೂ ಮಾತಾಡಿಸಿ ಸರ್. ನನ್ನ ತಮಿಳು ಕೇಳಿ ಕೇಳಿ ಇವಳಿಗೆ ಬೇಜಾರಾಗಿದೆ ಲಾ," ಎಂದರು ಅಂಕಲ್, ಕೊನೆಗೆ ಮಲೇಷ್ಯಾದವರ ಆ 'ಲಾ' ಸೇರಿಸಿ.

ಕುದುರೆಗೆ ಏನು ಹೇಳುವುದೆಂದು ತೋಚದೆ ಕನ್ನಡದಲ್ಲಿ ಮಗ್ಗಿ ಶುರು ಮಾಡಿದೆ. ಎರಡರ ಮಗ್ಗಿ ಮುಗಿಯುವಷ್ಟರಲ್ಲಿ ಅದು ಕಿವಿ ನಿಮಿರಿಸಿ ಅಲುಗಾಡದೆ ನಿಂತಿತು.

ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು, ಮೂರು ತಿಂಗಳು ವಿಶ್ರಾಂತಿ ಸಾಕು ಎಂದರು ಡಾಕ್ಟರ್. ಅಂಕಲ್ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

ನನ್ನ ಮಗಳು ಮಾತ್ರ ನಾನು ಎರಡೊಂದ್ಲಿ ಎನ್ನುತ್ತಿದ್ದಂತೆ ಮನೆಯಿಂದಾಚೆ ಓಡುತ್ತಾಳೆ.