ಪುಟ್ಟಲಕ್ಷ್ಮಿಗೆ ಬಂದ ಚೀಟಿ

೨೦೦೨ನೇ ಇಸವಿ. ನಾನಾಗ ಹೊಳೆನರಸೀಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಮನೆ ಹಾಸನದಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಜನವರಿಯ ಒಂದು ಭಾನುವಾರ, ಹಾಸನದ ಅಂಚಿನಲ್ಲಿದ್ದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಮ್ಯಾನೇಜರು ಮನೆಗೆ ಬಂದರು. ತೋಟಗಳಿಂದ ಬರುವ ಕಾಫಿಯ ಸಿಪ್ಪೆ ಬಿಡಿಸಿ, ದರ್ಜೆ ಮಾಡಿ, ಮೂಟೆ ಕಟ್ಟಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅದು.

"ನಮ್ಮ ಆಫೀಸಿನವರು ಲೆಟರ್ ಚೆನ್ನಾಗಿ ಬರೀತಾರೆ ಮೇಡಂ. ಫಾರಿನ್‌ನವರು ಎದುರಿಗೆ ಬಂದು ಕೂತರೆ ಮಾತ್ರ ಬಾಯೇ ಬಿಡಲ್ಲ. ನೀವು ಮಾತು ಕಲಿಸಬೇಕು" ಎಂದರು.

ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಕಾಲ ತರಗತಿ ಎಂದು ನಿಗದಿಯಾಯಿತು. ಎಂಟು ಮಂದಿ ಗುಮಾಸ್ತರು. ಮೊದಲ ವಾರ ವ್ಯಾಕರಣ ಮಾಡಿದೆ, ಇಬ್ಬರು ತೂಕಡಿಸಿದರು. ಎರಡನೇ ವಾರದಿಂದ ದಾರಿ ಬದಲಿಸಿದೆ. ಟಿ.ವಿ.ಯಲ್ಲಿ ಬರುವ ಇಂಗ್ಲಿಷ್ ವಾರ್ತೆಯನ್ನು ಮನೆಯಲ್ಲೇ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದೆ. ಐದು ನಿಮಿಷದ ತುಣುಕನ್ನು ಮೊದಲು ಶಬ್ದವಿಲ್ಲದೆ ನೋಡುವುದು, ಆಮೇಲೆ ಶಬ್ದದೊಂದಿಗೆ ನೋಡುವುದು, ಅದೇ ವಿಷಯದ ಪತ್ರಿಕೆಯ ತುಣುಕು ಓದುವುದು, ಕೊನೆಗೆ ಚರ್ಚೆ. ಚರ್ಚೆಯಲ್ಲಿ ಯಾರು ಪರ, ಯಾರು ವಿರೋಧ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದೆ. ನಿಮ್ಮ ಸ್ವಂತ ಅಭಿಪ್ರಾಯ ಏನೇ ಇರಲಿ, ಚೀಟಿಯಲ್ಲಿ ಬಂದ ಪಕ್ಷವನ್ನೇ ವಾದಿಸಬೇಕು. ವ್ಯವಹಾರದ ಇಂಗ್ಲಿಷಿಗೆ ಅದು ಒಳ್ಳೆಯ ಅಭ್ಯಾಸ ಎಂದು ನಾನು ನಂಬಿದ್ದೆ. ಎರಡೇ ವಾರದಲ್ಲಿ ಕೋಣೆಯ ತುಂಬ ಮಾತು. ನನ್ನ ವಿಧಾನದ ಬಗ್ಗೆ ನನಗೇ ಹೆಮ್ಮೆಯೆನಿಸಿತು.

ಆ ಎಂಟು ಜನರಲ್ಲಿ ಒಬ್ಬಳೇ ಹುಡುಗಿ ಪುಟ್ಟಲಕ್ಷ್ಮಿ. ಕಟ್ಟಾಯದ ಕಡೆಯವಳು, ಬಿ.ಕಾಂ. ಓದಿ ಡಿಸ್ಪ್ಯಾಚ್ ವಿಭಾಗಕ್ಕೆ ಸೇರಿ ಒಂದು ವರ್ಷವಾಗಿತ್ತು. ಅವಳ ತಾಯಿ ದೇವೀರಮ್ಮನೂ ಅದೇ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸು. ಉದ್ದನೆಯ ಶೆಡ್ಡಿನಲ್ಲಿ ಎಂಬತ್ತು ಹೆಂಗಸರು ಸಾಲಾಗಿ ಕೂತು, ಮುಂದಿನ ರಾಶಿಯಿಂದ ಕಪ್ಪು ಬೀಜ, ಒಡಕು ಬೀಜಗಳನ್ನು ಬೆರಳ ತುದಿಯಲ್ಲಿ ತೆಗೆಯುತ್ತಿದ್ದರು. ದೇವೀರಮ್ಮ ಹಾಗೆ ಇಪ್ಪತ್ತು ಸೀಸನ್ ಕೂತವರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಆ ಕೆಲಸದಿಂದಲೇ. ಶನಿವಾರ ಕೆಲಸ ಬೇಗ ಮುಗಿಯುತ್ತಿತ್ತು. ಮಗಳ ಜೊತೆ ಒಂದೇ ಬಸ್ಸಿಗೆ ಹೋಗಲೆಂದು ಅವರು ನಮ್ಮ ಕೋಣೆಯ ಹೊರಗೆ, ಕಿಟಕಿಯ ಕೆಳಗಿನ ಜಗಲಿಯಲ್ಲಿ ಕೂತಿರುತ್ತಿದ್ದರು.

"ನಮ್ ಪುಟ್ಟಿ ಮಾತಾಡ್ತಾಳಾ ಮೇಡಮ್ಮೋರೆ? ಮನೇಲಿ ಕೇಳುದ್ರೆ ನಾಚ್ಕತಾಳೆ" ಎಂದು ಒಮ್ಮೆ ಕೇಳಿದರು.

"ಎಲ್ಲರಿಗಿಂತ ಚೆನ್ನಾಗಿ ಮಾತಾಡ್ತಾಳೆ" ಎಂದೆ. ಅದು ನಿಜವೂ ಆಗಿತ್ತು.

ಮಾರ್ಚ್ ಎರಡನೇ ವಾರ ಮ್ಯಾನೇಜರು ತಾವೇ ಒಂದು ಕ್ಯಾಸೆಟ್ ಕೊಟ್ಟರು. "ಈ ಸಲ ಇದನ್ನ ತೋರಿಸಿ. ನಮ್ಮ ಲೈನಿಗೇ ಸಂಬಂಧಪಟ್ಟಿದ್ದು" ಎಂದರು. ಕಲರ್ ಸಾರ್ಟರ್ ಎಂಬ ಯಂತ್ರದ ವಿಡಿಯೋ. ಬೀಜಗಳು ಸಾಲಾಗಿ ಜಾರುವಾಗ ಕ್ಯಾಮೆರಾ ಒಂದೊಂದರ ಬಣ್ಣವನ್ನೂ ನೋಡುತ್ತದೆ. ಕೆಟ್ಟದ್ದು ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ. ಕಾಫಿ ಬೆಲೆ ನೆಲಕಚ್ಚಿದ್ದ ಕಾಲ ಅದು. ಆ ಸುದ್ದಿಯಿದ್ದ ಪತ್ರಿಕೆಯ ತುಣುಕನ್ನೂ ಜೊತೆಗಿಟ್ಟುಕೊಂಡು, ಇಂಥ ಯಂತ್ರವನ್ನು ನಮ್ಮ ಕಾರ್ಖಾನೆ ಕೊಳ್ಳಬೇಕೇ ಎಂದು ಬೋರ್ಡಿನ ಮೇಲೆ ವಿಷಯ ಬರೆದೆ. ಸಕಾಲಿಕ ವಿಷಯ ತಾನಾಗಿ ಸಿಕ್ಕಿತಲ್ಲ ಎಂದು ಸಂತೋಷಪಟ್ಟಿದ್ದೆ.

ಪುಟ್ಟಲಕ್ಷ್ಮಿಗೆ ಯಂತ್ರದ ಪರವಾದ ಚೀಟಿ ಬಂತು. ಅವಳು ಎದ್ದು ನನ್ನ ಮೇಜಿನ ಬಳಿ ಬಂದಳು.

"ಮೇಡಂ, ಇದನ್ನ ಬದಲಾಯಿಸಿಕೊಡ್ತೀರಾ?"

"ಯಾಕಮ್ಮ?"

"ಅವ್ವ ಹೊರಗಡೆ ಕೂತವ್ಳೆ."

"ಇದು ಬರೀ ಅಭ್ಯಾಸ ಪುಟ್ಟಲಕ್ಷ್ಮಿ. ನಮಗೆ ಒಪ್ಪಿಗೆಯಿಲ್ಲದ ಮಾತನ್ನೂ ಚೆನ್ನಾಗಿ ಹೇಳೋದನ್ನ ಕಲಿಯಬೇಕು. ಅಮ್ಮನಿಗೆ ಇಂಗ್ಲಿಷ್ ಎಲ್ಲಿ ತಿಳಿಯುತ್ತೆ?" ಎಂದೆ.

ಈ ಮಾತನ್ನು ನಾನೇ ಆಡಿದ್ದು.

ಅವಳು ಹಿಂದಿರುಗಿ ಹೋದಳು. ತನ್ನ ಸರದಿ ಬಂದಾಗ ಎದ್ದು ನಿಂತು ಆರೇಳು ನಿಮಿಷ ಮಾತಾಡಿದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ದಣಿಯುತ್ತದೆ, ದಣಿದ ಕಣ್ಣು ತಪ್ಪು ಮಾಡುತ್ತದೆ, ಒಂದು ಮೂಟೆಯಲ್ಲಿ ತಪ್ಪು ಕಂಡರೆ ಕೊಳ್ಳುವವನು ಇಡೀ ಲಾರಿಯನ್ನು ಅನುಮಾನಿಸುತ್ತಾನೆ ಎಂದಳು. ವಿಡಿಯೋದಲ್ಲಿ ಇದೊಂದೂ ಇರಲಿಲ್ಲ. ತಾಯಿ ಕಣ್ಣುಜ್ಜಿಕೊಳ್ಳುತ್ತ ಮನೆಗೆ ಬರುವುದನ್ನು ನೋಡಿ ಬೆಳೆದವಳು ಮಾತ್ರ ಹೇಳಬಲ್ಲ ಮಾತುಗಳವು. ಯಾವಾಗಲೋ ಮ್ಯಾನೇಜರೂ ಕಾರ್ಖಾನೆಯ ಮಾಲೀಕರೂ ಬಂದು ಬಾಗಿಲ ಬಳಿ ನಿಂತಿದ್ದರು. ಅವಳು ಮುಗಿಸಿದಾಗ ಮೊದಲು ಚಪ್ಪಾಳೆ ತಟ್ಟಿದವರು ಮಾಲೀಕರು. ಕಿಟಕಿಯಾಚೆ ದೇವೀರಮ್ಮನೂ ತಟ್ಟಿದರು.

ತರಗತಿ ಬಿಟ್ಟಾಗ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು. "ಏನಂದ್ಳು ಮೇಡಮ್ಮೋರೆ? ದಣಿಗಳೂ ಚಪ್ಪಾಳೆ ತಟ್ಟುದ್ರಲ್ಲ!"

"ತುಂಬ ಚೆನ್ನಾಗಿ ಮಾತಾಡಿದಳು" ಎಂದೆ. ಅಷ್ಟೇ ಹೇಳಿದೆ. ಪುಟ್ಟಲಕ್ಷ್ಮಿ ನೆಲ ನೋಡುತ್ತ ನಿಂತಿದ್ದಳು.

ಮೇ ತಿಂಗಳಲ್ಲಿ ಯಂತ್ರ ಬಂತು. ಪುಟ್ಟಲಕ್ಷ್ಮಿಯನ್ನು ಎಕ್ಸ್‌ಪೋರ್ಟ್ ವಿಭಾಗಕ್ಕೆ ಹಾಕಿದರು. ಕಾಲೇಜಿನ ಪರೀಕ್ಷೆ, ಮೌಲ್ಯಮಾಪನದ ಓಡಾಟದಲ್ಲಿ ನಾನು ತರಗತಿಗೆ ರಜೆ ಕೊಟ್ಟಿದ್ದೆ, ಮುಂದೇನಾಯಿತೆಂದು ಗೊತ್ತಾಗಲಿಲ್ಲ. ಜೂನ್ ಮೊದಲ ವಾರ ಅವಳು ಹೊಳೆನರಸೀಪುರಕ್ಕೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟರೆ ಕುಡಿಯಲಿಲ್ಲ.

ಸೀಸನ್ನಿನ ಕೊನೆಯ ದಿನ ಹೆಂಗಸರನ್ನೆಲ್ಲ ಶೆಡ್ಡಿನಲ್ಲಿ ಸೇರಿಸಿದ್ದರಂತೆ. ಮುಂದಿನ ಸೀಸನ್ನಿಗೆ ಹದಿನೈದು ಜನ ಸಾಕು, ಉಳಿದವರು ಬರಬೇಕಾಗಿಲ್ಲ ಎಂದು ತಿಳಿಸಬೇಕಿತ್ತು. "ನೀನು ಅವತ್ತು ಅಷ್ಟು ಚೆನ್ನಾಗಿ ಹೇಳಿದೆಯಲ್ಲ, ಅದನ್ನೇ ಇವರಿಗೆ ಕನ್ನಡದಲ್ಲಿ ಹೇಳು" ಎಂದು ಮ್ಯಾನೇಜರು ಅವಳನ್ನೇ ಮುಂದೆ ನಿಲ್ಲಿಸಿದರಂತೆ.

"ಹೇಳ್ದೆ ಮೇಡಂ. ಅವ್ವ ಮೂರನೇ ಸಾಲಲ್ಲಿ ಕೂತಿದ್ಲು. ಕಣ್ಣು ದಣಿಯುತ್ತೆ, ತಪ್ಪಾಗುತ್ತೆ ಅಂದಾಗ ಪಕ್ಕದವರೆಲ್ಲ ಅವಳ ಕಡೆ ತಿರುಗಿ ನೋಡಿದ್ರು."

ಆ ಹದಿನೈದು ಜನರಲ್ಲಿ ದೇವೀರಮ್ಮನ ಹೆಸರಿರಲಿಲ್ಲ.

ನಾನು ಮರುದಿನವೇ ಮ್ಯಾನೇಜರನ್ನು ಕಂಡೆ. ಅವರು ಸಮಾಧಾನದ ದನಿಯಲ್ಲೇ ಹೇಳಿದರು: "ನೀವು ಯಾಕೆ ಮನಸ್ಸಿಗೆ ಹಚ್ಕೋತೀರಿ ಮೇಡಂ? ಮಿಷಿನ್‌ಗೆ ಆರ್ಡರ್ ಹೋಗಿದ್ದು ಜನವರಿಯಲ್ಲೇ. ನಿಮ್ಮ ಕ್ಲಾಸಿಗೂ ಅದಕ್ಕೂ ಸಂಬಂಧ ಇಲ್ಲ."

ಇದರಿಂದ ಅವಳ ಮನಸ್ಸು ಸ್ವಲ್ಪ ಹಗುರಾದೀತು ಎಂದುಕೊಂಡು ಪುಟ್ಟಲಕ್ಷ್ಮಿಗೆ ತಿಳಿಸಿದೆ.

"ಹಂಗಾದ್ರೆ ನನ್ನ ಬಾಯಲ್ಲಿ ಯಾಕೆ ಹೇಳಿಸಿದ್ರು ಮೇಡಂ?"



ಮುಂದಿನ ಭಾನುವಾರ ಕಟ್ಟಾಯದ ಬಸ್ಸು ಹತ್ತಿದೆ. ದೇವೀರಮ್ಮ ಯಾರದೋ ಆಲೂಗಡ್ಡೆ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಬದುವಿನ ಮೇಲೆ ಕೂತು, ತರಗತಿಯಲ್ಲಿ ಚೀಟಿ ಎತ್ತಿದ ದಿನ ನಡೆದದ್ದನ್ನು ಹೇಳಿದೆ. ಮಗಳು ತಾನಾಗಿ ಆಡಿದ ಮಾತಲ್ಲ, ನಾನು ಬಲವಂತ ಮಾಡಿದ್ದು ಎಂದೆ. ಅವರು ಕೈಯ ಮಣ್ಣು ಉದುರಿಸಿಕೊಂಡರು.

"ಅವತ್ತೇ ತಿಳೀತು ಕಣ್ ಮೇಡಮ್ಮೋರೆ. ಮಿಷಿನು ಮಿಷಿನು ಅಂತ ಏಸ್ ದಪ ಅಂದ್ಳು! ಅಷ್ಟು ಇಂಗ್ಲಿಸು ನಂಗೂ ಬತ್ತದೆ. ಗೊತ್ತಿದ್ದೇ ನಿಮ್ಮುನ್ನ ಕೇಳಿದ್ದು."

"ಮತ್ತೆ ಚಪ್ಪಾಳೆ ತಟ್ಟಿದಿರಲ್ಲ?"

"ಅಷ್ಟ್ ಜನ ಗಂಡಸ್ರ ಮುಂದೆ ನನ್ ಮಗ ತಲೆ ಎತ್ತಿ ಮಾತಾಡ್ತಾವ್ಳೆ. ತಟ್ದೆ ಇರಕಾಯ್ತದಾ?" ಬದುವಿನ ಕಳೆಯೊಂದನ್ನು ಕಿತ್ತೆಸೆದು, "ಅವ್ಳೀಗ ಮನೇಲಿ ಮಾತೇ ಆಡಕಿಲ್ಲ ಕಣಮ್ಮ. ಅದೇ ಸಂಕಟ. ಕೆಲ್ಸ ಓದ್ರೆ ಓಗ್ಲಿ, ಈ ಕೈಗೆ ಎಲ್ಲಾದ್ರೂ ಕೆಲ್ಸ ಸಿಕ್ತದೆ" ಎಂದರು.

ಮಗಳಿಗೆ ಇದನ್ನು ನೀವೇ ಹೇಳಿ ಎಂದೆ. ಹೇಳಿದರಂತೆ. ಪುಟ್ಟಲಕ್ಷ್ಮಿ ಅತ್ತಳಂತೆ. ಆದರೆ ಮೊದಲಿನಂತಾಗಲಿಲ್ಲ. ಮನೆ ಅವಳ ಸಂಬಳದ ಮೇಲೆಯೇ ನಡೆಯಬೇಕಾದ್ದರಿಂದ ಕೆಲಸ ಬಿಡಲಾಗಲಿಲ್ಲ. ನನ್ನ ತರಗತಿಗೆ ಮಾತ್ರ ಮತ್ತೆ ಬರಲಿಲ್ಲ. ಜುಲೈನಲ್ಲಿ ನಾನೂ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ. ಎರಡು ವರ್ಷದ ನಂತರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಡಳು. ಕೈಮುಗಿದು, ಚೆನ್ನಾಗಿದ್ದೀರಾ ಎಂದು ಕೇಳಿ, ನನ್ನ ಉತ್ತರ ಮುಗಿಯುವ ಮೊದಲೇ ಬಸ್ಸು ಹತ್ತಿದಳು.

ಆಮೇಲೆ ಚನ್ನರಾಯಪಟ್ಟಣದಲ್ಲೂ ಅರಕಲಗೂಡಿನಲ್ಲೂ ಇಂಥ ತರಗತಿಗಳನ್ನು ನಡೆಸಿದ್ದೇನೆ. ಈಗಲೂ ವಾರ್ತೆಯನ್ನೇ ಪಾಠ ಮಾಡುತ್ತೇನೆ. ಅದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ. ಆದರೆ ತುಣುಕು ಹಾಕುವ ಮೊದಲು, ಈ ಸುದ್ದಿ ಇಲ್ಲಿ ಯಾರ ಮನೆಯದಾದರೂ ಆಗಿದೆಯೇ ಎಂದು ಕೇಳುತ್ತೇನೆ. ಯಾರಾದರೂ ಬೇಡವೆಂದರೆ ಕಾರಣ ಕೇಳುವುದಿಲ್ಲ. ಒಪ್ಪುವುದಕ್ಕೆ, ಒಪ್ಪದಿರುವುದಕ್ಕೆ, ನಯವಾಗಿ ನಡುವೆ ಬಾಯಿ ಹಾಕುವುದಕ್ಕೆ ಎಷ್ಟೋ ವಾಕ್ಯಗಳನ್ನು ನಾನು ಆ ಎಂಟು ಜನರಿಗೆ ಕಲಿಸಿದ್ದೆ. ದೊಡ್ಡವರ ಎದುರು ನಿಂತು "ಈ ಮಾತನ್ನು ನಾನು ಹೇಳಲಾರೆ" ಎನ್ನುವುದು ಹೇಗೆಂದು ಕಲಿಸಿರಲಿಲ್ಲ. ಈಗ ಮೊದಲ ದಿನದ ಪಾಠವೇ ಅದು.