ನೀರಿನ ಮಗು

ಜಪಾನಿಗೆ ಹೋಗಿಬರೋಣ ಎಂದು ಮಗಳು ಫೋನ್ ಮಾಡಿದಾಗ ನಾನು ಕುಕ್ಕರು ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತಾ ನಿಂತಿದ್ದೆ. ಜಪಾನಿನಲ್ಲಿ ನಮಗೆ ಗೊತ್ತಿರುವವರು ಯಾರೂ ಇಲ್ಲ. ಯಾಕೆ ಎಂದು ಕೇಳಿದೆ. "ಸುಮ್ನೆ ಅಮ್ಮ. ನೀನೂ ಬಾ" ಎಂದಳು. ಅವಳಾಗಿ ನನ್ನನ್ನು ಎಲ್ಲಿಗಾದರೂ ಬಾ ಎಂದು ಕರೆದು ಬಹಳ ದಿನಗಳಾಗಿದ್ದವು. ಹಾಗಾಗಿ ಹೂಂ ಎಂದೆ.

ನಮ್ಮ ಮನೆ ಸ್ಯಾನ್ ಡಿಯಾಗೊದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ. ಮಗಳು, ಅಳಿಯ ಇರುವುದು ಲಾಸ್ ಏಂಜಲೀಸ್ ಕಡೆಯ ವಾಲ್‌ನಟ್‌ನಲ್ಲಿ. ಅಳಿಯ ಧಾರವಾಡದವರು, ಪೊಮೊನಾದಲ್ಲಿ ಪಾಠ ಹೇಳುತ್ತಾರೆ. ಮಗಳು ಬೆಂಗಳೂರಿನಿಂದ ಇಲ್ಲಿಗೆ ಬಂದಾಗ ಇನ್ನೂ ತೊದಲು ಮಾತಿನವಳು. ಅವಳ ಕನ್ನಡ ಅಡುಗೆಮನೆ ದಾಟುವುದಿಲ್ಲ. ದೊಡ್ಡ ಮಾತೇನಿದ್ದರೂ ಇಂಗ್ಲಿಷಿನಲ್ಲೇ.

ಅವಳಿಗೆ ಮೂರು ಸಲ ಬಸಿರಾಗಿ ಮೂರು ಸಲವೂ ಹೋಯಿತು. ಮೊದಲನೆಯದು ಕೊರೋನಾ ಶುರುವಾದ ವರ್ಷ. ಆಸ್ಪತ್ರೆಯೊಳಗೆ ಗಂಡನನ್ನೇ ಬಿಡಲಿಲ್ಲ, ಇನ್ನು ನನ್ನನ್ನು ಯಾರು ಬಿಡುತ್ತಾರೆ. ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಇಟ್ಟುಕೊಂಡು ಪಾರ್ಕಿಂಗ್ ಲಾಟಿನಲ್ಲಿ ಕುಳಿತಿದ್ದೆ. ಅವಳನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ ಸಾರು ಇನ್ನೂ ಬಿಸಿಯಾಗಿತ್ತು. ಅಷ್ಟಾದರೂ ಉಳಿಸಿದೆಯಲ್ಲ ಸ್ವಾಮಿ ಎಂದು ಕಾರಿನೊಳಗೇ ಕೈಮುಗಿದೆ. ದೊಡ್ಡದನ್ನು ಕೊಡದ ದೇವರ ಹತ್ತಿರ ಚಿಕ್ಕದನ್ನು ಆರಿಸಿಕೊಳ್ಳುವುದು ನನಗೆ ಆಗಿನಿಂದ ರೂಢಿಯಾಯಿತು.

ಆಮೇಲಿನ ಎರಡೂ ಸೂಜಿ, ಮಾತ್ರೆ, ಕ್ಲಿನಿಕ್ಕು ಎಂದು ಅಲೆದು ಪಡೆದವು. ಅವೂ ನಿಲ್ಲಲಿಲ್ಲ. ಕ್ಲಿನಿಕ್ಕಿನವರ ಫ್ರೀಜರಿನಲ್ಲಿ ಇನ್ನೊಂದೇ ಒಂದು ಭ್ರೂಣ ಉಳಿದಿತ್ತು. ಅದನ್ನು ಇಡಿಸಿಕೊಳ್ಳುತ್ತಾಳೋ ಬಿಡುತ್ತಾಳೋ, ಅವಳು ಹೇಳುತ್ತಿರಲಿಲ್ಲ. ಕೇಳಿದರೆ ಫೋನ್ ಇಟ್ಟುಬಿಡುತ್ತಿದ್ದಳು. ನನ್ನ ಪ್ರಾಣವೆಲ್ಲ ಆ ಫ್ರೀಜರಿನಲ್ಲಿತ್ತು.

ಚನ್ನಪಟ್ಟಣದ ಹತ್ತಿರ ಅಂಬೆಗಾಲಿಡುವ ಕೃಷ್ಣನ ಗುಡಿಯಿದೆ. ಮಕ್ಕಳಾಗಲಿ ಎಂದು ಹರಕೆ ಹೊರುವವರು ಅಲ್ಲಿ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ನನ್ನ ತಂಗಿ ಹೆಬ್ಬೆರಳುದ್ದದ ಮರದ ತೊಟ್ಟಿಲೊಂದನ್ನು ಅಲ್ಲಿಂದ ಕೊಂಡು, ಬರುವವರ ಕೈಯಲ್ಲಿ ಕಳಿಸಿದ್ದಳು. "ಅವಳ ಕೈಯಲ್ಲೇ ಕಟ್ಟಿಸ್ಬೇಕು ಅಕ್ಕ, ಬೇರೆಯವರು ಕಟ್ಟಿದ್ರೆ ಫಲ ಇಲ್ಲ" ಎಂದಿದ್ದಳು. ಇಂಡಿಯಾಕ್ಕೆ ಹೋಗೋಣ ಎಂದರೆ ಮಗಳು ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು. ತೊಟ್ಟಿಲು ನನ್ನ ಹ್ಯಾಂಡ್‌ಬ್ಯಾಗಿನಲ್ಲೇ ಉಳಿಯಿತು.

ನಮ್ಮವರಿಗೆ ಮಂಡಿನೋವು, ಬರುವುದಿಲ್ಲವೆಂದರು. "ಅಲ್ಲಿ ನೆಲದ ಮೇಲೆ ಕೂರಿಸ್ತಾರಂತೆ. ನನ್ನ ಎಬ್ಬಿಸೋಕೆ ಕ್ರೇನ್ ತರಿಸ್ಬೇಕು. ನೀನು ಹೋಗು. ಹೋಗಿ ಅವಳ ಬಾಯಿ ಬಿಡಿಸ್ಕೊಂಡು ಬಾ."

ಲಾಸ್ ಏಂಜಲೀಸಿನಿಂದ ಹೊರಟು ಟೋಕಿಯೊದಲ್ಲಿ ಇಳಿದಾಗ ಕೊರೆಯುವ ಚಳಿ. ಆ ದೇಶದಲ್ಲಿ ನನಗೆ ಮೊದಲು ಹಿಡಿಸಿದ್ದು ಚಪ್ಪಲಿಯ ಶಿಸ್ತು. ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟು ಒಳಗೆ ಇನ್ನೊಂದು, ಬಚ್ಚಲಿಗೆ ಬೇರೆಯದೇ. ನಮ್ಮ ಅಜ್ಜಿ ಕಂಡಿದ್ದರೆ ಇವರಿಗೆ ಹೆಣ್ಣು ಕೊಡಬಹುದು ಅನ್ನುತ್ತಿದ್ದರು. ಊಟದ್ದೇ ಕಷ್ಟ. ತಿಳಿಸಾರಿನ ಹಾಗೆ ಕಾಣುವುದರಲ್ಲೂ ಮೀನಿನ ನೀರು. ಅಳಿಯ ಪ್ರತಿ ಹೋಟೆಲಿನಲ್ಲೂ ಫೋನು ಹಿಡಿದು ವಿಚಾರಿಸಿ, "ಇದರಾಗೂ ಐತ್ರಿ ಅತ್ತಿ" ಎಂದು ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುತ್ತಿದ್ದರು. ಕೊನೆಗೆ ಅಂಗಡಿಯೊಂದರಲ್ಲಿ ಹುಳಿ ಉಪ್ಪಿನಕಾಯಿ ಹಣ್ಣೊಂದನ್ನು ಒಳಗಿಟ್ಟ ಅನ್ನದ ಉಂಡೆ ಸಿಕ್ಕಿತು. ನಾನು ತಂದಿದ್ದ ಚಟ್ನಿಪುಡಿಯ ಜೊತೆ ಮೂವರೂ ಹೋಟೆಲಿನ ಮಂಚದ ಮೇಲೆ ಕುಳಿತು ಅದನ್ನೇ ತಿಂದೆವು. ಮಗಳು ಎರಡನೆಯ ಉಂಡೆ ಕೇಳಿದಳು. ಅವಳು ಏನನ್ನಾದರೂ ಇನ್ನೊಂದು ಬೇಕು ಎಂದದ್ದು ಕೇಳಿ ನನ್ನ ಪಾಲಿನದನ್ನೂ ಅವಳ ಕೈಗಿಟ್ಟೆ.

ಮೂರನೆಯ ದಿನ ಕಾಮಾಕುರ ಎಂಬ ಸಮುದ್ರದ ಪಕ್ಕದ ಊರಿಗೆ ಟ್ರೇನಿನಲ್ಲಿ ಹೋದೆವು. ಅಲ್ಲಿನ ಗುಡ್ಡದ ಮೇಲಿನ ದೇವಸ್ಥಾನ ನೋಡಬೇಕೆಂದು ಮಗಳು ಹೊರಡುವ ಮೊದಲೇ ಗೊತ್ತುಮಾಡಿದ್ದಳು. ಕೆಳಗೆ ಒಂದು ಗುಹೆ. ಬಗ್ಗಿಕೊಂಡು ಒಳಗೆ ಹೋದರೆ ವೀಣೆಯಂಥ ವಾದ್ಯ ಹಿಡಿದ ದೇವಿ.

"ಸರಸ್ವತಿ ರೀ ಅತ್ತಿ. ನಮ್ಮಕಿನ, ಇಲ್ಲಿ ಹೆಸರು ಬ್ಯಾರೆ" ಎಂದು ಅಳಿಯ ಹೇಳಿದರು. ನನಗೆ ಮೈ ಜುಮ್ಮೆಂದಿತು. ಇಷ್ಟು ದೂರ ಬಂದು ಕುಳಿತಿದ್ದಾಳೆ ತಾಯಿ. ಆ ಖುಷಿಯಲ್ಲೇ ಮೆಟ್ಟಿಲು ಹತ್ತಿದೆ. ಮೇಲೆ ತಿರುವಿನಲ್ಲಿ, ಸಾಲು ಸಾಲಾಗಿ ನೂರಾರು ಕಲ್ಲಿನ ಪುಟ್ಟ ಮೂರ್ತಿಗಳು. ದುಂಡು ತಲೆ, ಮುಚ್ಚಿದ ಕಣ್ಣು, ಹಾಲು ಕುಡಿದು ಮಲಗಿದ ಮಗುವಿನ ಮುಖ. ಕೆಲವಕ್ಕೆ ಕೊರಳಲ್ಲಿ ಕೆಂಪು ಬಟ್ಟೆ, ಜೊಲ್ಲು ಸುರಿಸುವ ಮಕ್ಕಳಿಗೆ ಕಟ್ಟುವಂಥದ್ದು. ಮುಂದೆ ಗಿರಗಿಟ್ಲೆ, ಗೊಂಬೆ, ಪುಟ್ಟ ಕಾರು.

ಸರಸ್ವತಿ ಇದ್ದ ಮೇಲೆ ಬಾಲಕೃಷ್ಣ ಇರುವುದರಲ್ಲಿ ಆಶ್ಚರ್ಯವೇನು. ಹರಕೆ ಫಲಿಸಿದವರೆಲ್ಲ ಬಂದು ಆಟದ ಸಾಮಾನು ಒಪ್ಪಿಸಿ ಹೋಗಿದ್ದಾರೆ ಎಂದುಕೊಂಡೆ. ಇಂಡಿಯಾಕ್ಕೆ ಬರಲೊಲ್ಲದ ಮಗಳನ್ನು ಸ್ವಾಮಿ ತಾನೇ ಇಲ್ಲಿಗೆ ಕರೆಸಿಕೊಂಡ. ನನಗೆ ಹಿಂದುಮುಂದು ಯೋಚಿಸುವಷ್ಟು ತಾಳ್ಮೆ ಉಳಿಯಲಿಲ್ಲ. ಹ್ಯಾಂಡ್‌ಬ್ಯಾಗಿನಿಂದ ತೊಟ್ಟಿಲು ತೆಗೆದೆ. ಅರಿಶಿನದ ದಾರವೂ ಇತ್ತು.

"ಬಾ ಇಲ್ಲಿ. ಒಂದೇ ಒಂದು ಗಂಟು ಹಾಕು. ನನಗೋಸ್ಕರ."

ಮಗಳು ತೊಟ್ಟಿಲನ್ನೂ ನನ್ನನ್ನೂ ನೋಡಿದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ. ಚಳಿಗೆ ಎಂದುಕೊಂಡೆ.

"ಅತ್ತಿ, ಒಂದ್ ನಿಮಿಷ ನಿಂದರ್ರಿ" ಎಂದು ಅಳಿಯ ಮುಂದೆ ಬಂದರು.

"ಬಿಡು. ಅಮ್ಮಂಗೋಸ್ಕರ ಅಲ್ವಾ" ಎಂದು ಅವಳೇ ಅವರನ್ನು ತಡೆದಳು. ಕೈಗವಸು ತೆಗೆದು, ಒಂದು ಮೂರ್ತಿಯ ಕೊರಳಿಗೆ ತೊಟ್ಟಿಲು ಕಟ್ಟಿದಳು. ನಾನು ಅವಳ ಹಿಂದೆ ನಿಂತು, ಉಳಿದದ್ದೊಂದು ನಿಲ್ಲಲಿ ಸ್ವಾಮಿ, ಗಂಡಾಗಲಿ ಹೆಣ್ಣಾಗಲಿ, ಮುಂದಿನ ವರ್ಷ ಮಗುವನ್ನೆತ್ತಿಕೊಂಡು ಬಂದು ಚಿನ್ನದ ಗಿಲಕಿ ಒಪ್ಪಿಸುತ್ತೇನೆ ಎಂದು ಬಾಯಿಬಿಟ್ಟೇ ಬೇಡಿಕೊಂಡೆ. ಅವಳಿಗೂ ಕೇಳಿಸಲಿ ಎಂದೇ ಬಾಯಿಬಿಟ್ಟು ಹೇಳಿದ್ದು.

ಪಕ್ಕದಲ್ಲಿ ಅಜ್ಜಿಯೊಬ್ಬರು ಒಂದು ಮೂರ್ತಿಗೆ ಹೊಸ ಬಟ್ಟೆ ತೊಡಿಸುತ್ತಿದ್ದರು. ತೊಟ್ಟಿಲನ್ನು ನೋಡಿ, ನಮ್ಮ ಕಡೆ ತಿರುಗಿ ತಲೆಬಾಗಿ ಏನೋ ಹೇಳಿದರು. ನನಗೆ ತಿಳಿಯಲಿ ಎಂದು ಅಳಿಯ ಬಂದ ದಿನದಿಂದಲೂ ಫೋನಿನ ಅನುವಾದವನ್ನು ಕನ್ನಡಕ್ಕೆ ಇಟ್ಟಿದ್ದರು. ಫೋನು ವಾರ್ತೆ ಓದುವವಳ ದನಿಯಲ್ಲಿ ಹೇಳಿತು: "ತುಂಬಾ ಸುಂದರವಾದ ಆಟಿಕೆ. ನೀರಿನ ಮಗು ಸಂತೋಷಪಡುತ್ತದೆ."

ನೀರಿನ ಮಗು ಎಂದ ಕೂಡಲೇ ನನಗೆ ಎಲ್ಲ ಹೊಂದಿಹೋಯಿತು. ಪ್ರಳಯದ ನೀರಿನ ಮೇಲೆ ಆಲದೆಲೆಯಲ್ಲಿ ಮಲಗಿ ಕಾಲಿನ ಹೆಬ್ಬೆರಳು ಚೀಪುವವನು ಇನ್ನಾರು. "ನೋಡಿದ್ಯಾ, ಆಲದೆಲೆ ಕೃಷ್ಣನೇ. ನಾನು ಅನ್ಕೊಂಡ ಹಾಗೇ" ಎಂದು ಮಗಳ ಭುಜ ಹಿಡಿದೆ. ಅಜ್ಜಿಗೂ ನಗುತ್ತಾ ಕೈಮುಗಿದೆ. ಅಜ್ಜಿ ನಗಲಿಲ್ಲ. ಮಗಳ ಮುಖ ನೋಡಿ ಇನ್ನಷ್ಟು ಬಾಗಿದರು.

ಮಗಳು ನನ್ನ ಕೈಯನ್ನು ಭುಜದಿಂದ ಮೆಲ್ಲಗೆ ತೆಗೆದಳು.

"ಕೃಷ್ಣ ಅಲ್ಲ ಅಮ್ಮ. ನೀರಿನ ಮಗು ಅಂದ್ರೆ ಹುಟ್ದೇ ಹೋಗಿದ್ದು. ಹೊಟ್ಟೇಲೇ ಹೋಗಿದ್ದು. ಈ ದೇವರು ಅವುನ್ನ ನೋಡ್ಕೊಳ್ತಾನೆ. ಅದಕ್ಕೇ ಅವರೆಲ್ಲ ಬಟ್ಟೆ ಹಾಕ್ತಾರೆ, ಟಾಯ್ಸ್ ತರ್ತಾರೆ."

ಮೂರ್ತಿಗಳ ಮುಂದಿನ ಗಿರಗಿಟ್ಲೆ, ಗೊಂಬೆಗಳನ್ನು ಮತ್ತೆ ನೋಡಿದೆ.

"ನಾನು ಆ ಮೂರಕ್ಕೂ ಬೈ ಹೇಳೋಕೆ ಬಂದೆ. ಅದಕ್ಕೇ ಜಪಾನು. ನೀನು ಪಕ್ಕದಲ್ಲಿದ್ರೆ ಆಗುತ್ತೆ ಅನ್ಕೊಂಡೆ. ನೀನು ಇನ್ನೊಂದನ್ನ ಕರೀತಾ ನಿಂತಿದೀಯ."

ಬೈದಿದ್ದರೆ ಆಗುತ್ತಿತ್ತು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಹೇಳುವಷ್ಟೇ ಸಮಾಧಾನದಲ್ಲಿ, ಕನ್ನಡದಲ್ಲೇ ಹೇಳಿದಳು. ನಾನು ಬಗ್ಗಿ ದಾರ ಬಿಚ್ಚಲು ಹೋದೆ. ಚಳಿಗೆ ಮರಗಟ್ಟಿದ ಬೆರಳಿಗೆ ಗಂಟು ಸಿಗಲಿಲ್ಲ. "ಇರ್ಲಿ ಬಿಡಮ್ಮ" ಎಂದಳು. ಆಮೇಲೆ ಅವಳೂ ಅಳಿಯನೂ ಮೂರು ಊದುಬತ್ತಿ ಹಚ್ಚಿಟ್ಟು ನಿಂತರು. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ನಮ್ಮಲ್ಲಿ ಹಾಗೆ ಹೋದದ್ದಕ್ಕೆ ಹೆಸರಿಲ್ಲ, ತಿಥಿಯಿಲ್ಲ, ನಿಂತು ಅಳಲಿಕ್ಕೆ ಒಂದು ಜಾಗವಿಲ್ಲ. ಹೋಯಿತು ಎನ್ನುತ್ತೇವೆ, ಕರೆಂಟು ಹೋಯಿತು ಎಂದ ಹಾಗೆ. ಮತ್ತೆ ಬರುತ್ತದೆ ಎಂದೂ ಅದೇ ಉಸಿರಿನಲ್ಲಿ ಹೇಳುತ್ತೇವೆ. ಮೂರು ಸಲವೂ ನಾನು ಅವಳಿಗೆ ಹೇಳಿದ್ದು ಅದನ್ನೇ.

ಅಲ್ಲಿಂದ ಕ್ಯೋಟೊಗೆ ಹೋದೆವು. ಬುಲೆಟ್ ಟ್ರೇನಿನಲ್ಲಿ ಜನರೆಲ್ಲ ಫ್ಯೂಜಿ ಬೆಟ್ಟ ನೋಡಲು ಕಿಟಕಿಗೆ ತಿರುಗಿದರು, ಬೆಟ್ಟ ಮೋಡದಲ್ಲಿತ್ತು. ಮಗಳು ಅತಿಥಿಯನ್ನು ನೋಡಿಕೊಳ್ಳುವಂತೆ ನನ್ನನ್ನು ನೋಡಿಕೊಂಡಳು. ನೀರು ಬೇಕಾ ಅಮ್ಮ, ಕಾಲು ನೋಯ್ತಿದೆಯಾ ಅಮ್ಮ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಅನುಭವಿಸಿಲ್ಲ. ಕೆಂಪಾದ ಮೇಪಲ್ ಎಲೆಗಳ ಕೆಳಗೆ ನಿಂತು ಅವಳು ನನ್ನ ಫೋಟೋ ತೆಗೆದಳು. ಅದರಲ್ಲಿ ನಾನು ನಗುತ್ತಿದ್ದೇನೆ. ಆ ಫೋಟೋ ನೋಡಲು ನನಗೆ ಈಗಲೂ ಆಗುವುದಿಲ್ಲ.

ಹೊರಡುವ ದಿನ ಸ್ಟೇಷನ್ನಿನಲ್ಲಿ ನಾನು ತಪ್ಪಿಸಿಕೊಂಡೆ. ಬಾತ್‌ರೂಮಿನಿಂದ ಹೊರಗೆ ಬಂದವಳು ಬೇರೆ ಬಾಗಿಲಲ್ಲಿ ಹೊರಬಿದ್ದಿದ್ದೆ. ಎಲ್ಲಿ ನೋಡಿದರೂ ಕಪ್ಪು ಕೋಟು, ಮಾಸ್ಕು. ನನ್ನ ಫೋನಿನಲ್ಲಿ ಅಲ್ಲಿನ ಸಿಮ್ ಇರಲಿಲ್ಲ. ಕಂಬವೊಂದಕ್ಕೆ ಒರಗಿ ರಾಯರನ್ನು ನೆನೆದುಕೊಂಡೆ. ಸಮವಸ್ತ್ರದ ಹೆಂಗಸೊಬ್ಬಳು ಬಂದು ಏನೂ ಕೇಳದೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ನಿಂತುಕೊಂಡಳು. ಅವಳ ಹೊಟ್ಟೆ ತಣ್ಣಗಿರಲಿ.

ಮಗಳು ಓಡಿಕೊಂಡು ಬಂದಳು. ಮಾಸ್ಕು ಕೆಳಗೆ ಜಾರಿತ್ತು. ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. "ಎಲ್ಲಿ ಹೋಗಿದ್ದೆ ನೀನು? ನಿನ್ನನ್ನೂ ಕಳ್ಕೊಂಡೆ ಅನ್ಕೊಂಡೆ."

ನಿನ್ನನ್ನೂ ಎಂದಳು. ಅವಳ ಅಡುಗೆಮನೆ ಕನ್ನಡದಲ್ಲಿ ಆ ಒಂದು ದೀರ್ಘ ಬಂದದ್ದು ನನ್ನ ಎದೆಗೆ ನಾಟಿತು. ಕಳೆದುಕೊಂಡವರ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಕೊನೆಗೆ ನನ್ನನ್ನು ಸೇರಿಸಿದ್ದಳು. ಅವಳು ಬೆಂಚಿನ ಮೇಲೆ ಕುಸಿದು ಅತ್ತಳು. ಇಷ್ಟು ವರ್ಷದಲ್ಲಿ ನನ್ನೆದುರು ಅತ್ತದ್ದು ಅದೇ ಮೊದಲು. ಅಳಿಯ ಸ್ವಲ್ಪ ದೂರದಲ್ಲಿ ಸೂಟ್‌ಕೇಸುಗಳನ್ನು ಹಿಡಿದು ನಿಂತರು.

"ಆ ಇನ್ನೊಂದನ್ನೂ ಬಿಡ್ತೀವಿ ಅಮ್ಮ" ಎಂದಳು. "ಡಿಸೈಡ್ ಮಾಡಾಯ್ತು. ನನ್ನ ಕೈಲಿ ಆಗಲ್ಲ."

ಇನ್ನೊಂದೇ ಒಂದು ಸಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿದೆ. "ಆಯ್ತು" ಎಂದೆ.

"ಇನ್ಮೇಲೆ ಕೇಳ್ಬೇಡ."

"ಕೇಳಲ್ಲ."

"ನನ್ನ ಹತ್ರ ಅಲ್ಲ. ದೇವರ ಹತ್ರ. ನೀನು ದಿನಾ ಅಲ್ಲಿ ಕೂತು ಕೇಳ್ತಾ ಇರ್ತೀಯ ಅಂತ ಗೊತ್ತಿದ್ರೆ, ನಾನು ದಿನಾ ಫೇಲ್ ಆಗ್ತಾ ಇರ್ತೀನಿ."

ದೇವರ ಹತ್ತಿರ ಕೇಳಬೇಡ ಎಂದು ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಕೇಳುವುದನ್ನು ಬಿಟ್ಟು ಅವನ ಮುಂದೆ ಕೂರುವುದು ಹೇಗೆಂದೇ ನನಗೆ ತಿಳಿಯದು. ಆದರೂ ಅವಳ ಒದ್ದೆ ಕೈಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ.

ಲಾಸ್ ಏಂಜಲೀಸಿನ ಏರ್‌ಪೋರ್ಟಿನಿಂದ ಅವರಿಬ್ಬರೂ ವಾಲ್‌ನಟ್ ಕಡೆ ಹೋದರು. ನಮ್ಮವರು ನನ್ನನ್ನು ಕರೆದೊಯ್ಯಲು ಬಂದಿದ್ದರು. ಬಹಳ ಹೊತ್ತು ಜಪಾನಿನ ಚಪ್ಪಲಿಯ ವಿಷಯ, ಅನ್ನದ ಉಂಡೆಯ ವಿಷಯ ಹೇಳಿದೆ. ಬಲಗಡೆ ಸಮುದ್ರ ಕಾಣತೊಡಗಿದ ಮೇಲೆ ಅವರು ಕೇಳಿದರು, "ಬಾಯಿ ಬಿಟ್ಟಳಾ?"

"ಬಿಟ್ಟಳು. ಇನ್ನು ಬೇಡವಂತೆ."

ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಡ್ರೈವ್ ಮಾಡುತ್ತಿದ್ದರು. "ಹಾಕ್ಕೊಳ್ಳಿ, ದಾರಿ ಕಾಣಲ್ಲ" ಎಂದೆ. ಹಾಕಿಕೊಂಡರು.

ಈಗ ಮಗಳು ಭಾನುವಾರಗಳಲ್ಲಿ ಫೋನ್ ಮಾಡುತ್ತಾಳೆ. ಒಮ್ಮೊಮ್ಮೆ ನಗುತ್ತಾಳೆ. ಅದನ್ನು ಲೆಕ್ಕಕ್ಕಿಟ್ಟುಕೊಳ್ಳುತ್ತೇನೆ.

ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿ ಕೂರುತ್ತೇನೆ. ಮದುವೆಯಾದಾಗಿನಿಂದ ಹೇಳುತ್ತಾ ಬಂದ ಸ್ತೋತ್ರವೊಂದಿದೆ. ಅದರ ಕೊನೆಗೆ, ಯಾರು ಏನು ಬೇಡಿದರೆ ಏನು ಸಿಗುತ್ತದೆಂಬ ಸಾಲುಗಳು. ವಿದ್ಯೆ ಬೇಡಿದವರಿಗೆ ವಿದ್ಯೆ, ಮಕ್ಕಳನ್ನು ಬೇಡಿದವರಿಗೆ ಮಕ್ಕಳು. ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕೆಂದು ಕೂರುವಾಗಲೇ ಅಂದುಕೊಂಡಿರುತ್ತೇನೆ. ಆದರೆ ನಾಲಿಗೆಗೆ ದಾರಿ ರೂಢಿಯಾಗಿಬಿಟ್ಟಿದೆ. ನಾನು ಬೇಡವೆಂದರೂ ಅದು ಅಲ್ಲಿಗೇ ಹೋಗುತ್ತದೆ. ಅರ್ಧ ಹೇಳಿಯಾದ ಮೇಲೆ ಎಚ್ಚರವಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ. ತಪ್ಪಾಯಿತು ಎಂದು ಯಾರಿಗೆ ಹೇಳಲಿ, ಅವನಿಗೋ ಅವಳಿಗೋ ತಿಳಿಯುವುದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.