ಬಾಲ್ಕನಿಯಲ್ಲಿ ಆಡಿದ ಕನ್ನಡ

ನಾನು ವಿಶೇಷ ಶಿಕ್ಷಕಿ. ಪುಣೆಯಲ್ಲಿ ಮಕ್ಕಳ ಮನೆಗೇ ಹೋಗಿ ಕಲಿಸುತ್ತೇನೆ. ಅಲ್ಲಿನ ವಾಕಡ ಬಡಾವಣೆಯ ಒಂದು ಫ್ಲಾಟಿನಲ್ಲಿ ಆರು ವರ್ಷದ ಅನುಷಾ ಇದ್ದಳು. ಆಟಿಸಂ ಇರುವ ಹುಡುಗಿ, ಇನ್ನೂ ಮಾತು ಬಂದಿರಲಿಲ್ಲ. ಅವಳ ತಾಯಿ ನನ್ನ ಜೊತೆ ಮರಾಠಿ ಆಡುತ್ತಿದ್ದರು. ಮಗಳಿಗೆ ಮಾತ್ರ "ಕಮ್", "ಸಿಟ್", "ಈಟ್" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು.

ಒಂದು ದಿನ ಅವರಿಗೆ ಫೋನ್ ಬಂತು. ಬಾಲ್ಕನಿಗೆ ಹೋಗಿ, ಬಾಗಿಲು ಅರ್ಧ ಎಳೆದುಕೊಂಡು, ತಗ್ಗಿದ ದನಿಯಲ್ಲಿ ಅಪ್ಪಟ ವಿಜಯಪುರದ ಕನ್ನಡ ಮಾತಾಡಿದರು. ಒಳಗೆ ಬಂದಾಗ ನಾನು, "ನೀವು ಕನ್ನಡದವರೇನ್ರಿ? ನಂದು ಧಾರವಾಡರಿ" ಎಂದೆ.

ಅವರು ಸಿಕ್ಕಿಬಿದ್ದವರಂತೆ ನಿಂತರು. "ಅಕಿ ಮುಂದ ಮಾತಾಡಂಗಿಲ್ರಿ. ಎರಡು ಭಾಷಾ ಕೇಳಿದ್ರ ಮಾತು ಬರೂದಿಲ್ಲ, ಇಂಗ್ಲಿಷ್ ಒಂದ ಇಡ್ರಿ ಅಂತ ಯಾರೋ ಹೇಳಿದ್ರು. ಎರಡು ವರ್ಷ ಆತು."

"ಹಂಗೇನಿಲ್ರಿ. ನಿಮಗ ಸಲೀಸಾಗಿ ಬರೂ ಭಾಷಾದಾಗನ ಮಾತಾಡ್ರಿ."

"ಖರೇನ್ರೀ?" ಎಂದವರೇ ಮಗಳ ಪಕ್ಕ ನೆಲದ ಮೇಲೆ ಕೂತುಬಿಟ್ಟರು. "ನನ್ನ ಬಂಗಾರಾ" ಎಂದು ಶುರು ಮಾಡಿ, ಬೆಳಗಿನ ರೊಟ್ಟಿ, ಲಿಫ್ಟಿನ ಹತ್ತಿರದ ನಾಯಿ, ಊರಿನ ಅಜ್ಜಿ, ಎಲ್ಲವನ್ನೂ ಅಳುತ್ತ ನಗುತ್ತ ಹೇಳಿದರು. ಅನುಷಾ ಅವರ ತುಟಿಯನ್ನೇ ನೋಡುತ್ತಿದ್ದಳು. ಕಾಲು ಗಂಟೆಯಾದ ಮೇಲೆ ತನ್ನ ಪುಟ್ಟ ಅಂಗೈಯಿಂದ ಅಮ್ಮನ ಬಾಯಿ ಮುಚ್ಚಿದಳು.

ತನಗೇನು ಬೇಕೆಂದು ಅವಳು ಅಷ್ಟು ಸ್ಪಷ್ಟವಾಗಿ ತಿಳಿಸಿದ್ದು ಅದೇ ಮೊದಲು. ಅಂದಿನ ವರದಿಯಲ್ಲಿ "ಒಳ್ಳೆಯ ಪ್ರಗತಿ" ಎಂದು ಬರೆದೆ. ತಾಯಿಯದೋ ಮಗಳದೋ ಎಂಬುದನ್ನು ಬರೆಯಲಿಲ್ಲ.